ಚೂರಕ್ಕನ ಗಾಜಿನ ಕಿನ್ನರಿ

ಆ ಬೀದಿಯಲ್ಲಿ ಯಾರ ಮನೆಯ ಕಿಟಕಿ ಒಡೆದರೂ ಮೊದಲು ನೆನಪಾಗುವುದು ಚೂರಕ್ಕನ ಅಂಗಡಿ. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ, ಆದರೆ ಅದು ಈಗ ಅವಳಿಗೇ ಸಹಿ ಮಾಡುವಾಗ ಮಾತ್ರ ನೆನಪಾಗುತ್ತದೆ. ಗಾಜಿನ ಒಂದು ಚೂರನ್ನೂ ಎಸೆಯದೆ, ಒಂದೊಂದು ಬಣ್ಣಕ್ಕೆ ಒಂದೊಂದು ಡಬ್ಬಿ ಮಾಡಿ ತುಂಬಿಡುತ್ತಾಳೆಂದು ಗಂಡ ತಮಾಷೆಗೆ ಕಟ್ಟಿದ ಹೆಸರು ಚೂರಕ್ಕ. ಗಿರಾಕಿಗಳ ಬಾಯಿಗೆ ಅದೇ ಹತ್ತಿತು. ಕಟ್ಟಿಕೊಂಡ ಹೆಂಡತಿಯನ್ನು ಅಕ್ಕ ಎಂದು ಕರೆಯುವುದು ಹೇಗೆ? ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ ಆ ಮಹಾನುಭಾವ ಮತ್ತೆ ‘ಏನೇ’ ಎನ್ನುವುದಕ್ಕೇ ಹಿಂದಿರುಗಿದ.

ಅಂಗಡಿ ಎಂದರೆ ಒಂದೇ ಉದ್ದನೆಯ ಕೋಣೆ. ಬೀದಿಯ ಕಡೆಯ ಅರ್ಧ ಗಂಡನದು. ಅಲ್ಲಿ ಮರದ ಚೌಕಟ್ಟುಗಳಲ್ಲಿ ಬಿಳಿ ಗಾಜಿನ ಹಾಳೆಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಅವುಗಳ ಪಕ್ಕದಲ್ಲಿ ಕನ್ನಡಿಗಳು. ಬಂದವರು ಅಳತೆ ಹೇಳುವ ಮೊದಲು ಕನ್ನಡಿಯಲ್ಲಿ ತಲೆ ಸರಿಮಾಡಿಕೊಳ್ಳುತ್ತಾರೆ. ಹಿಂದಿನ ಅರ್ಧ ಚೂರಕ್ಕನದು. ಬಣ್ಣದ ಗಾಜಿನ ರಾಜ್ಯ ಅದು. ಬಾಗಿಲ ಮೇಲಿನ ಬಣ್ಣದ ಕಿಟಕಿ, ದೀಪದ ಗಾಜಿನ ಹೊದಿಕೆ, ಮನೆಯ ಹೆಸರಿನ ಫಲಕ, ಇವೆಲ್ಲ ಅವಳ ಕೈಯಲ್ಲಿ ಆಗುತ್ತವೆ. ಅವಳ ಕೆಲಸ ನೋಡಿ ಕೆಲವರು ‘ಒಳ್ಳೆ ಟೈಂಪಾಸ್ ಬಿಡಿ’ ಎನ್ನುವುದುಂಟು. ಅಂಥವರಿಗೆ ಅವಳ ಬೆರಳ ತುದಿಗಳನ್ನು ತೋರಿಸಬೇಕು. ಗಾಜು ಕೊರೆದ ಗಾಯ, ಅದರ ಮೇಲೆ ಬೆಸುಗೆಯ ಸುಟ್ಟ ಕಲೆ, ಅದರ ಮೇಲೆ ಇನ್ನೊಂದು ಗಾಯ. ಟೈಂಪಾಸಿಗೆ ಯಾರೂ ಇಷ್ಟು ರಕ್ತ ಕೊಡುವುದಿಲ್ಲ.

ಚೂರಕ್ಕನನ್ನು ಸಾಕಿದ್ದು ಅವಳ ಸೋದರತ್ತೆ, ಅಪ್ಪನ ಅಕ್ಕ. ತಾಯಿ ತೀರಿಕೊಂಡಾಗ ಇವಳಿನ್ನೂ ಜಡೆ ಹಾಕಿಕೊಳ್ಳಲು ಬಾರದ ಮಗು. ಮದುವೆಯ ಗೋಜಿಗೇ ಹೋಗದ ಅತ್ತೆ ಮಗುವನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡವಳು ಕೆಳಗಿಳಿಸಲಿಲ್ಲ. ಅವಳಿಗೆ ಕೆಲಸ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ. ಆಗೆಲ್ಲ ಕಂಪ್ಯೂಟರ್ ಎಲ್ಲಿತ್ತು? ಚಿತ್ರದ ಒಂದೊಂದು ಅಲುಗಾಟಕ್ಕೂ ಒಂದೊಂದು ಪಾರದರ್ಶಕ ಹಾಳೆ. ಚಿತ್ರಗಾರರು ಹಾಳೆಯ ಮೇಲೆ ಕಪ್ಪು ಗೆರೆ ಎಳೆದು ಕಳಿಸುವರು. ಬಣ್ಣ ತುಂಬುವ ಹೆಂಗಸರು ಒಂದು ದೊಡ್ಡ ಹಾಲಿನಲ್ಲಿ ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಬಣ್ಣ ತುಂಬುವರು. ಒಣಗಿದ ಹಾಳೆಯನ್ನು ತಿರುಗಿಸಿ ನೋಡಿ ಸರಿಯೋ ತಪ್ಪೋ ಹೇಳುವುದಕ್ಕೆ ಬೇರೆ ಕೋಣೆ, ಬೇರೆ ಜನ. ಅತ್ತೆಗೆ ಹಾಳೆ ಬರುವುದು ಗೊತ್ತು, ಹೋಗುವುದು ಗೊತ್ತು, ಅಷ್ಟೇ.

ರಜೆಯ ದಿನಗಳಲ್ಲಿ ಪುಟ್ಟ ಚೂರಕ್ಕ ಅತ್ತೆಯ ಸ್ಟೂಲಿನ ಪಕ್ಕ ನಿಂತು, ಮೇಜಿನ ಅಂಚಿಗೆ ಗಲ್ಲ ಊರಿ ನೋಡುತ್ತಿದ್ದಳು. ಅತ್ತೆ ಹಾಳೆಯನ್ನು ಬೋರಲು ಹಾಕಿಕೊಂಡೇ ಬಣ್ಣ ಹಚ್ಚುವುದು ಅವಳಿಗೆ ಭಾರೀ ವಿಚಿತ್ರ.

“ಅತ್ತೆ, ಗೆರೆ ಆ ಕಡೆ ಇದೆ. ನೀನ್ಯಾಕೆ ಈ ಕಡೆ ಬಳೀತೀಯ?”

“ಗೆರೆ ಮೇಲೆ ಬಣ್ಣ ಬಿದ್ರೆ ಗೆರೆ ಮುಚ್ಚಿಹೋಗುತ್ತೆ ಕಣೇ. ಅದಕ್ಕೇ ಹಿಂದಿನಿಂದ ಹಚ್ಚೋದು. ಗಲ್ಲ ತೆಗಿ, ಮೇಜು ಅಲ್ಲಾಡ್ತಿದೆ.”

ಅತ್ತೆ ವರ್ಷಗಟ್ಟಲೆ ಬಣ್ಣ ತುಂಬಿದ್ದು ಒಬ್ಬಳೇ ಕಿನ್ನರಿಗೆ. ಉಬ್ಬು ಕೆನ್ನೆಯ, ಗಿಡ್ಡ ಕಾಲಿನ ಪುಟ್ಟ ಕಿನ್ನರಿ. ಅವಳ ಒಂದು ರೆಕ್ಕೆ ಹುಟ್ಟುವಾಗಲೇ ಸೊಟ್ಟ, ಮಡಿಸಿಟ್ಟ ಎಲೆಯ ಹಾಗೆ ಒಳಕ್ಕೆ ಬಾಗಿದೆ. ಹಾಗಾಗಿ ನೇರ ಹಾರಲು ಬಾರದು, ಓರೆಯಾಗಿ ಹಾರುತ್ತಾಳೆ. ಹೋಗಬೇಕಾದ ಮನೆಗೆ ಹೋಗದೆ ಪಕ್ಕದ ಮನೆಯ ಕಿಟಕಿಗೆ ಡಿಕ್ಕಿ ಹೊಡೆಯುತ್ತಾಳೆ. ನೋಡಿದರೆ ನಿಜವಾಗಿ ಕಷ್ಟದಲ್ಲಿರುವವರು ಆ ಪಕ್ಕದ ಮನೆಯವರೇ ಆಗಿರುತ್ತಾರೆ. ಕಥೆ ಇಷ್ಟೇ. ಆದರೆ ಆ ಕಾಲದ ಮಕ್ಕಳು ಆ ಸೊಟ್ಟರೆಕ್ಕೆಗೆ ಮನಸ್ಸು ಕೊಟ್ಟಷ್ಟು ಯಾವ ರಾಜಕುಮಾರಿಗೂ ಕೊಡಲಿಲ್ಲ.

ಚಿತ್ರ ತೆರೆಗೆ ಬಂದಾಗ ಅತ್ತೆ ಸೊಸೆ ಇಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು ಹೋದರು. ಚೂರಕ್ಕ ಕೂತಲ್ಲಿ ಕೂರದೆ ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ ಗುಮ್ಮನೆ ಕೂತಿದ್ದಳು. ಹೊರಗೆ ಬಂದಾಗ ಅವಳು ಆಡಿದ್ದು ಒಂದೇ ಮಾತು: “ಚೆನ್ನಾಗಿದ್ದಾಳೆ. ಆದ್ರೆ ನಮ್ಮವಳ ಹಾಗಿಲ್ಲ.”

ಚಿತ್ರದ ಕೊನೆಯಲ್ಲಿ ಗೆರೆ ಎಳೆದವರ ಹೆಸರು ಬಂದಿತ್ತು, ಹಾಡಿದವರ ಹೆಸರು ಬಂದಿತ್ತು, ಬಣ್ಣ ತುಂಬಿದ ಹೆಂಗಸರ ಹೆಸರು ಬಂದಿರಲಿಲ್ಲ. ಮನೆಯವರು ಎರಡಕ್ಕೂ ಗಂಟು ಹಾಕಿದರು. ಹೆಸರು ಬರಲಿಲ್ಲವೆಂದು ಪಾಪ ಅವಳಿಗೆ ಹೊಟ್ಟೆ ಉರಿದಿದೆ, ಅದಕ್ಕೇ ಹಾಗನ್ನುತ್ತಾಳೆ ಎಂದು ತೀರ್ಮಾನವಾಯಿತು. ಅತ್ತೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ಚಿತ್ರವನ್ನು ಅವಳು ಮತ್ತೆ ನೋಡಲಿಲ್ಲ. ಚೂರಕ್ಕನೋ, ಟೀವಿಯಲ್ಲಿ ಬಂದಾಗಲೆಲ್ಲ ನೋಡಿ, ಡಿಸ್ಕ್ ಸಿಕ್ಕಿದ ಮೇಲೆ ಅದನ್ನು ಸವೆಯುವಷ್ಟು ನೋಡಿ, ಗಂಡನ ಬಾಯಲ್ಲಿ ‘ಸೊಟ್ಟರೆಕ್ಕೆ ಅಭಿಮಾನಿ ಸಂಘದ ಅಧ್ಯಕ್ಷೆ’ ಎನ್ನಿಸಿಕೊಂಡಳು. ಸಂಘದಲ್ಲಿ ಇನ್ನೊಬ್ಬ ಸದಸ್ಯ ಇಲ್ಲ ಎಂಬುದು ಬೇರೆ ಮಾತು.

ಈಗ ಅತ್ತೆ ಅಂಗಡಿಯ ಹಿಂದಿನ ಮನೆಯಲ್ಲಿ, ಬೆಳಗಿನ ಬಿಸಿಲು ನೇರ ಬೀಳುವ ಕೋಣೆಯಲ್ಲಿ ಇದ್ದಾಳೆ. ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ. ಎದುರಿಗಿರುವವರ ಮುಖದ ಜಾಗದಲ್ಲಿ ಒಂದು ಬೂದು ಮೋಡ ಕೂತಿರುತ್ತದಂತೆ. ಅಂಚಿನಲ್ಲಿ ಮಾತ್ರ ಬೆಳಕೂ ಬಣ್ಣವೂ ಒಂದಿಷ್ಟು ಉಳಿದಿದೆ. ಅದೂ ಹೆಚ್ಚು ದಿನ ಉಳಿಯುವುದಿಲ್ಲ, ನೋಡಬೇಕು ಅನ್ನಿಸಿದ್ದನ್ನು ಈಗಲೇ ತೋರಿಸಿಬಿಡಿ ಎಂದು ಕಣ್ಣಿನ ಡಾಕ್ಟರು ಚೂರಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದರು. ಪಕ್ಕಕ್ಕೆ ಕರೆದರೇನು, ಅತ್ತೆಯ ಕಿವಿ ಹೋಗಿರಲಿಲ್ಲವಲ್ಲ. ಮನೆಗೆ ಬಂದವಳೇ “ನೋಡ್ಬೇಕಾದ್ದೆಲ್ಲ ನೋಡಿದ್ದಾಯ್ತು” ಎಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತುಬಿಟ್ಟಳು.

ಆ ಗೋಡೆಯ ಕಡೆಯ ಕುರ್ಚಿ ಚೂರಕ್ಕನ ಎದೆಯಲ್ಲಿ ಮುಳ್ಳಾಯಿತು. ತನ್ನನ್ನು ಸೊಂಟದ ಮೇಲೆ ಹೊತ್ತವಳು ಬರೀ ಸುಣ್ಣದ ಗೋಡೆಯನ್ನು ಕೊನೆಯ ನೋಟವಾಗಿ ಇಟ್ಟುಕೊಂಡು ಕತ್ತಲಿಗೆ ಹೋಗುವುದೇ? ಫೋಟೋ ತಂದು ಹಿಡಿದಳು, ಅತ್ತೆಗೆ ಮೋಡವೇ ಕಂಡಿತು. ಟೀವಿ ಹಾಕಿದಳು, ಅತ್ತೆ ಆರಿಸು ಎಂದಳು.

ಒಂದು ಬೆಳಗ್ಗೆ ಚೂರಕ್ಕ ಡಬ್ಬಿಯ ಚೂರುಗಳನ್ನು ತೊಳೆದು ಅತ್ತೆಯ ಕೋಣೆಯ ಕಿಟಕಿಯಲ್ಲಿ ಒಣಗಲು ಹರಡಿದ್ದಳು. ಬಿಸಿಲು ಬಂತು. ಗೋಡೆಯ ಮೇಲೆ ಒಂದು ಕೆಂಪು ತೇಪೆ ಬಿತ್ತು. ಅತ್ತೆ ಕುರ್ಚಿಯಲ್ಲೇ ಹೊರಳಿ, ಮುಖವನ್ನು ಓರೆಮಾಡಿ, ಕಣ್ಣಂಚಿನಿಂದ ಕಿಟಕಿಯ ಕಡೆ ನೋಡಿ “ಕೆಂಪು” ಎಂದಳು. ಸ್ವಲ್ಪ ತಡೆದು “ಒಳ್ಳೆ ಕೆಂಪು” ಎಂದಳು. ಕಾಗದದ ಮೇಲಿನ ಬಣ್ಣ ಕಾಣದ ಕಣ್ಣಿಗೆ ಬಿಸಿಲು ತುಂಬಿದ ಗಾಜು ಕಾಣುತ್ತದೆ! ಚೂರಕ್ಕ ಆ ಕ್ಷಣವೇ ನಿರ್ಧರಿಸಿದಳು. ಸೊಟ್ಟರೆಕ್ಕೆಯನ್ನು ಗಾಜಿನಲ್ಲಿ ಮಾಡಬೇಕು, ಅತ್ತೆಯ ಕಣ್ಣಲ್ಲಿ ಬೆಳಕು ಇರುವಾಗಲೇ ಮಾಡಬೇಕು.

ಮಾಡುತ್ತೇನೆಂದರೆ ಆಗಿಬಿಡುತ್ತದೆಯೇ? ಪೆನ್ಸಿಲಿನ ಗೆರೆ ಎಲ್ಲಿ ಬೇಕಾದರೂ ಹುಟ್ಟಿ ಎಲ್ಲಿ ಬೇಕಾದರೂ ನಿಲ್ಲಬಹುದು. ಗಾಜಿನ ಗೆರೆಗೆ ಆ ಸ್ವಾತಂತ್ರ್ಯ ಇಲ್ಲ. ಎರಡು ಚೂರು ಕೂಡುವ ಕಡೆ ಬೆಸುಗೆ ಬೀಳುತ್ತದೆ, ಆ ಬೆಸುಗೆಯೇ ಗೆರೆ. ಹಾಗಾಗಿ ಪ್ರತಿ ಗೆರೆಯೂ ಇನ್ನೊಂದು ಗೆರೆಯನ್ನೋ ಚೌಕಟ್ಟನ್ನೋ ಮುಟ್ಟಲೇಬೇಕು, ನಡುದಾರಿಯಲ್ಲಿ ನಿಲ್ಲುವ ಹಾಗಿಲ್ಲ. ಕಾರ್ಟೂನಿನಲ್ಲಿ ಮೂಗೆಂದರೆ ಒಂದು ಕೊಂಕು, ನಗುವೆಂದರೆ ಒಂದು ಬಳುಕು. ಅವನ್ನೆಲ್ಲ ಬೆಸುಗೆಯಲ್ಲಿ ಎಳೆದರೆ ಕಿನ್ನರಿ ಜೈಲಿನ ಸರಳಿನ ಹಿಂದೆ ಕೂತ ಕಳ್ಳಿಯ ಹಾಗೆ ಕಾಣುತ್ತಾಳೆ. ಮೊದಲ ನಕ್ಷೆ ನೋಡಿ ಗಂಡ ಅದನ್ನೇ ಹೇಳಿದ.

“ಏನು ತಪ್ಪು ಮಾಡಿದ್ಲೇ ಪಾಪ? ಜಾಮೀನು ಸಿಗಲ್ವಾ?”

“ರೀ, ನಿಮ್ಮ ಕನ್ನಡಿ ಒರೆಸ್ಕೊಂಡು ಇರ್ರಿ” ಎಂದಳಾದರೂ ನಕ್ಷೆಯನ್ನು ಅವಳೇ ಹರಿದಳು.

ಟೀವಿಯಲ್ಲಿ ಚಿತ್ರ ನಿಲ್ಲಿಸಿ ನಿಲ್ಲಿಸಿ, ಎದುರು ಕೂತು ಬರೆದಳು, ಅಳಿಸಿದಳು. ಮುಖಕ್ಕೆ ಒಂದೇ ದೊಡ್ಡ ಚೂರು ಸಾಕೆಂದು ಗೊತ್ತಾಗಲು ಸುಮಾರು ಕಾಗದ ಹಾಳಾಯಿತು. ಕಣ್ಣು, ಮೂಗು, ನಗುವನ್ನು ಗಾಜಿಗೆ ಬಳಿಯುವ ಕಪ್ಪು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಟ್ಟಳು, ಅವು ಗಾಜಿಗೇ ಅಂಟಿ ಕೂತವು. ಕೂದಲಿನ ಸುರುಳಿ ಹೋಗಿ ಭುಜ ಮುಟ್ಟಿತು, ಭುಜ ಹೋಗಿ ರೆಕ್ಕೆ ಮುಟ್ಟಿತು. ಸಿಕ್ಕಿಹಾಕಿಕೊಂಡಿದ್ದು ಆ ಸೊಟ್ಟರೆಕ್ಕೆಯಲ್ಲೇ. ಒಳಕ್ಕೆ ಬಾಗಿದ ಆ ತಿರುವನ್ನು ಗಾಜು ಒಪ್ಪುವುದಿಲ್ಲ. ಕಟರ್ ‘ಚರ್ರ್’ ಎಂದು ಚೆನ್ನಾಗಿಯೇ ಹೋಗುತ್ತದೆ, ಇಕ್ಕಳದಲ್ಲಿ ಮುರಿಯುವಾಗ ಬಿರುಕು ತನಗೆ ಬೇಕಾದ ದಾರಿ ಹಿಡಿದು ರೆಕ್ಕೆಯನ್ನು ಎರಡು ಮಾಡುತ್ತದೆ. ಮತ್ತೆ ಮತ್ತೆ ಒಡೆಯಿತು. ಎಳೆ ಹಸಿರಿನ ಒಳ್ಳೆಯ ಹಾಳೆ ಮುಗಿಯುತ್ತ ಬಂತು.

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂದು ಗಂಡ ಗೊಣಗಿದ. ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ನೇರ ರೆಕ್ಕೆ ಮಾಡ್ಬಿಡೇ. ಅತ್ತೆಗೆ ಅಷ್ಟೆಲ್ಲ ಗೊತ್ತಾಗುತ್ತಾ?”

“ನೇರ ರೆಕ್ಕೆ ಆದ್ರೆ ಅವಳು ಯಾರೋ ಆಗ್ತಾಳೆ ಕಣ್ರೀ.”

ಹಿಡಿದ ಕೆಲಸ ಬಿಡುವ ಪೈಕಿ ಅಲ್ಲ ಅವಳು. ಬಿರುಕು ಎಲ್ಲಿ ಹೋಗಲು ಬಯಸುತ್ತದೋ ಅದನ್ನೇ ನೋಡುತ್ತ ಕೂತಳು. ಒಡೆದ ಚೂರುಗಳನ್ನೆಲ್ಲ ಸಾಲಾಗಿ ಇಟ್ಟರೆ ಎಲ್ಲವೂ ಹೆಚ್ಚುಕಮ್ಮಿ ಒಂದೇ ಕಡೆ ಸೀಳಿದ್ದವು. ಸರಿ, ಅಲ್ಲೇ ಒಂದು ಗೆರೆ ಎಳೆದಳು. ಆ ಗೆರೆಯನ್ನು ರೆಕ್ಕೆಯ ಮಡಿಕೆಯಿಂದ ಹೊರಡಿಸಿ, ಆಕಾಶವನ್ನು ಸೀಳಿಸಿ, ಚೌಕಟ್ಟಿನ ಅಂಚಿಗೆ ಮುಟ್ಟಿಸಿದಳು. ಈಗ ಅದು ಗಾಳಿಯ ಗೆರೆಯಾಯಿತು. ಕಿನ್ನರಿ ಓರೆಯಾಗಿ ಹಾರುತ್ತಿದ್ದಾಳೆ ಎಂಬುದು ಆ ಒಂದು ಗೆರೆಯಿಂದಲೇ ತಿಳಿಯುವಂತಾಯಿತು. ಗಂಡ ನಕ್ಷೆಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಹೋಗಿ ಚೌಕಟ್ಟಿಗೆ ಬೇಕಾದ ಒಳ್ಳೆಯ ಮರ ಹುಡುಕತೊಡಗಿದ.

ಬಣ್ಣದ ವಿಷಯದಲ್ಲಿ ಚೂರಕ್ಕ ಡಿಸ್ಕನ್ನು ನಂಬಲಿಲ್ಲ. ಹಳೆಯ ಚಿತ್ರ, ಎಲ್ಲದಕ್ಕೂ ಒಂದು ಕೆಂಪು ಛಾಯೆ ಹತ್ತಿತ್ತು. ಅತ್ತೆಗೆ ತಿಂಡಿ ಕೊಡುವ ನೆಪದಲ್ಲಿ, ತಲೆ ಬಾಚುವ ನೆಪದಲ್ಲಿ, ಏನೂ ಅರಿಯದವಳ ಹಾಗೆ ಕೇಳಿದಳು.

“ಅತ್ತೆ, ಆ ಸೊಟ್ಟರೆಕ್ಕೆ ಲಂಗ ಹಳದಿ ಅಲ್ವಾ?”

“ಯಾವಳೇ ಹೇಳಿದ್ದು? ನಿಂಬೆಕಾಯಿ ಹಣ್ಣಾಗೋ ಮೊದ್ಲು ಒಂದು ಬಣ್ಣ ಇರುತ್ತಲ್ಲ, ಅದು. ಡಬ್ಬಿ ತಳದಲ್ಲಿ ಗಟ್ಟಿ ಆಗ್ತಿತ್ತು, ಕಲಸಿ ಕಲಸಿ ಕೈ ಬಿದ್ದುಹೋಗೋದು.”

“ರೆಕ್ಕೆ?”

“ರೆಕ್ಕೆ ಎಳೆ ಹಸಿರು. ಅಂಚಿಗೆ ಹೋಗ್ತಾ ತೆಳು ಮಾಡ್ಬೇಕು. ನಾನು ಮೊದ್ಲು ಸೊಟ್ಟ ರೆಕ್ಕೆನೇ ಹಚ್ತಿದ್ದೆ. ಕಷ್ಟದ್ದು ಮೊದ್ಲು ಮುಗಿಸ್ಬೇಕು ನೋಡು.” ಗೋಡೆಯ ಕಡೆ ಮುಖ ಮಾಡಿದ್ದ ಅತ್ತೆಗೆ ಮಾತು ಬಂದಿತ್ತು. “ನಿಂಗ್ಯಾಕೆ ಈಗ ಅದೆಲ್ಲ?”

“ಸುಮ್ನೆ ಅತ್ತೆ.”

ಹೀಗೆ ಬಣ್ಣ ಬಣ್ಣ ಕೇಳಿ ಚೂರು ಚೂರು ಆರಿಸಿದಳು. ಕೆನ್ನೆಯ ಬಣ್ಣ ಕೇಳಿದಳು, ಕೂದಲಿನ ಬಣ್ಣ ಕೇಳಿದಳು, ಕಾಲಿನ ಬೂಟಿನ ಬಣ್ಣವನ್ನೂ ಬಿಡಲಿಲ್ಲ. ಕೇಳದೆ ಬಿಟ್ಟಿದ್ದು ಒಂದೇ, ಸೊಟ್ಟ ರೆಕ್ಕೆ ಯಾವ ಕಡೆಯದು ಎಂದು. ಟೀವಿಯಲ್ಲಿ ಕಣ್ಣಿಗೆ ರಾಚುವಂತೆ ಎಡರೆಕ್ಕೆಯೇ ಸೊಟ್ಟಗಿರುವಾಗ ಅದನ್ನು ಯಾರು ಕೇಳುತ್ತಾರೆ?

ಚೂರುಗಳ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ ಬೆಸುಗೆ ಹಾಕಿದ ಮೇಲೆ, ಹಿಂಬದಿಯನ್ನೂ ಮುಂಬದಿಯಷ್ಟೇ ನುಣ್ಣಗೆ ಮಾಡುತ್ತ ಕೂತವಳನ್ನು ಕಂಡು ಗಂಡ ಕೇಳಿದ, “ಹಿಂದುಗಡೆ ಯಾರೇ ನೋಡ್ತಾರೆ?”

“ಹಿಂದುಗಡೆ ಕೆಲಸ ಮಾಡಿದೋರ ಮನೆಯವಳು ನಾನು” ಎಂದಳು ಚೂರಕ್ಕ ಹೆಮ್ಮೆಯಿಂದ. ತನ್ನ ಬಾಯಿಂದ ಏನು ಬಂತೆಂಬುದು ಅವಳಿಗೇ ತಿಳಿಯಲಿಲ್ಲ. ಕೈಯಲ್ಲಿ ದೀಪ ಹಿಡಿದುಕೊಂಡು ಬೆಂಕಿಪೊಟ್ಟಣ ಹುಡುಕುವುದು ನಮ್ಮೆಲ್ಲರಿಗೂ ಇರುವ ಕಾಯಿಲೆಯೇ.

ಕಿನ್ನರಿ ಕಿಟಕಿಗೇರಿದ ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಗಂಡ ಹೆಂಡತಿ ಇಬ್ಬರೂ ಹಿಡಿದು ಕೊಕ್ಕೆಗೆ ಸಿಕ್ಕಿಸಿದರು. ಕೋಣೆಯ ನೆಲದ ಮೇಲೆ ನಿಂಬೆ ಬಣ್ಣ, ಎಳೆ ಹಸಿರು, ನಸುಗೆಂಪು ಹರಿದಾಡಿದವು. ಗಂಡನೇ ಒಂದು ಕ್ಷಣ ಬಾಯಿ ತೆರೆದು ನಿಂತ. ಚೂರಕ್ಕ ಅತ್ತೆಯ ಕುರ್ಚಿಯನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು.

ಅತ್ತೆ ಮುಖ ಓರೆಮಾಡಿದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು.

“ಚೆನ್ನಾಗಿದೆ ಕಣೇ. ಬಣ್ಣ ತುಂಬಾ ಚೆನ್ನಾಗಿದೆ. ಯಾರು ಇವಳು?”

“ನಮ್ಮ ಸೊಟ್ಟರೆಕ್ಕೆ, ಅತ್ತೆ.”

ಅತ್ತೆ ಮತ್ತೆ ನೋಡಿದಳು. ಸೊಸೆಯ ಮನಸ್ಸು ನೋಯಿಸಬಾರದೆಂದು ಹೌದೆನ್ನಲು ಹೊರಟವಳು, ಪಾಪ, ಸುಳ್ಳು ಹೇಳಲು ಬಾರದವಳು, ತಡವರಿಸಿದಳು. “ಅವಳ ಹಾಗೇ ಇದ್ದಾಳೆ. ಅವಳ ಅಕ್ಕನೋ ತಂಗಿನೋ ಇರ್ಬೇಕು. ನಮ್ಮವಳಲ್ಲ ಬಿಡು. ನನ್ ಕಣ್ಣೇ ಸರಿ ಇಲ್ಲ, ನೀನು ಬೇಜಾರು ಮಾಡ್ಕೋಬೇಡ.” ಹಾಗೆಂದು ತಾನೇ ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಂಡಳು.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಚೂರಕ್ಕನಿಗೆ ಅಳು ಒತ್ತರಿಸಿ ಬಂತು. ತಡವಾಯಿತು, ಕಣ್ಣು ಪೂರ್ತಿ ಹೋಗಿದೆ, ಇನ್ನೂ ಬೇಗ ಮಾಡಬೇಕಿತ್ತು ಎಂದುಕೊಳ್ಳುತ್ತ, ಅತ್ತೆಗೆ ಬಿಕ್ಕಳಿಕೆ ಕೇಳಬಾರದೆಂದು ಹಿತ್ತಲಿಗೆ ಹೋಗಿ ಕಿಟಕಿಯ ಹೊರಗೆ ನಿಂತು ಮನಸಾರೆ ಅತ್ತಳು. ಮೂಗು ಒರೆಸಿಕೊಂಡು ತಲೆ ಎತ್ತಿದರೆ ಎದುರಿಗೇ ಕಿನ್ನರಿ. ಹೊರಗಿನಿಂದ ಬಣ್ಣ ಮಂಕು, ಬೆಸುಗೆಯ ಗೆರೆ ಮಾತ್ರ ಸ್ಪಷ್ಟ. ಕೂದಲಿನ ಸುರುಳಿ ಆ ಕಡೆಯದು ಈ ಕಡೆ, ಓರೆಯ ಹಾರಾಟ ಈ ಕಡೆಯದು ಆ ಕಡೆ. ಸೊಟ್ಟಗಿರುವುದು ಬಲರೆಕ್ಕೆ.

ಇವಳನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಟೀವಿಯಲ್ಲಿ ಅಲ್ಲ. ಮೇಜಿನ ಅಂಚಿಗೆ ಗಲ್ಲ ಊರಿ ನಿಂತು, ಬೋರಲು ಹಾಕಿದ ಹಾಳೆಯ ಮೇಲೆ, ಅತ್ತೆಯ ಕುಂಚದ ಕೆಳಗೆ.

ಚೂರಕ್ಕನಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಅತ್ತೆ ವರ್ಷಗಟ್ಟಲೆ ಕಂಡದ್ದು ಹಾಳೆಯ ಹಿಂಬದಿಯ ಕಿನ್ನರಿಯನ್ನು. ಲೋಕಕ್ಕೆಲ್ಲ ಎಡರೆಕ್ಕೆ ಸೊಟ್ಟವಾದರೆ ಅತ್ತೆಗೆ ಬಲರೆಕ್ಕೆ. ಅಂದು ಥಿಯೇಟರಿನಿಂದ ಬರುವಾಗ ‘ನಮ್ಮವಳ ಹಾಗಿಲ್ಲ’ ಎಂದಿದ್ದು ಹೊಟ್ಟೆಯುರಿಯ ಮಾತೇ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಏನು ಬದಲಾಗಿದೆ ಎಂದು ಅವಳಿಗೂ ತಿಳಿದಿರಲಿಲ್ಲ, ಬಲ್ಲ ಮುಖ ಯಾಕೋ ಬೇರೆಯಾಗಿದೆ ಎನ್ನಿಸಿತ್ತು, ಅಷ್ಟೇ. ಮನೆಯವರೆಲ್ಲ ಸೇರಿ ಅವಳಿಗೆ ಇಲ್ಲದ ಹೊಟ್ಟೆಕಿಚ್ಚು ಅಂಟಿಸಿಬಿಟ್ಟಿದ್ದರು, ಚೂರಕ್ಕನೂ ಅದನ್ನು ನಂಬಿದ್ದಳು.

“ರೀ, ಬನ್ರೀ ಬೇಗ! ಇವಳನ್ನ ತಿರುಗಿಸ್ಬೇಕು!” ಎಂದು ಕೂಗುತ್ತ ಒಳಗೆ ಓಡಿದಳು.

“ತಿರುಗಿಸಿದ್ರೆ ಉಲ್ಟಾ ಆಗಲ್ವೇನೇ?”

“ಉಲ್ಟಾ ಆಗ್ಲಿ ಅಂತಾನೇ!”

ಇಬ್ಬರೂ ಕೊಕ್ಕೆಯಿಂದ ಬಿಡಿಸಿ, ಹಿಂದು ಮುಂದು ಮಾಡಿ, ಮತ್ತೆ ಸಿಕ್ಕಿಸಿದರು. ಹಿಂಬದಿಯನ್ನೂ ನುಣ್ಣಗೆ ಮಾಡಿದ್ದು ಈಗ ಕೆಲಸಕ್ಕೆ ಬಂತು. ಚೂರಕ್ಕ ಅತ್ತೆಯ ಕುರ್ಚಿ ತಿರುಗಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತು, ಕುರ್ಚಿಯ ಕೈಗೆ ಗಲ್ಲ ಊರಿದಳು.

ಅತ್ತೆ ಮುಖ ಓರೆಮಾಡಿದಳು. ಆಮೇಲೆ ಅಲುಗಾಡಲಿಲ್ಲ. ಅವಳ ಬಲಗೈ ಮೆಲ್ಲಗೆ ಮಡಿಲಿನಿಂದ ಎದ್ದಿತು, ಮೂರು ಬೆರಳು ಕೂಡಿ ಕಾಣದ ಕುಂಚವನ್ನು ಹಿಡಿದವು. ಕೈ ನೇರ ಸೊಟ್ಟ ರೆಕ್ಕೆಯ ಕಡೆಗೇ ಹೋಯಿತು, ಮೊದಲು ಹಚ್ಚಬೇಕಾದ ಕಡೆಗೆ.

“ಬಂದ್ಯೇನೇ, ಸೊಟ್ಟಿ?” ಎಂದಳು ಅತ್ತೆ. “ಎಲ್ಲಿಗೆ ಹೋಗಿದ್ಯೇ ಇಷ್ಟು ವರ್ಷ?”

ಹಿಂದೆ ನಿಂತಿದ್ದ ಚೂರಕ್ಕನ ಗಂಡ, ಯಾವುದಕ್ಕೂ ಒಂದು ತಮಾಷೆ ಇಟ್ಟುಕೊಂಡೇ ಇರುವವನು, ಕಣ್ಣಿಗೆ ಗಾಜಿನ ಪುಡಿ ಬಿತ್ತೆಂದು ಹೇಳಿ ಅಂಗಡಿಗೆ ಹೋದ. ಅತ್ತೆಯ ಕೈ ಗಾಳಿಯಲ್ಲಿ ರೆಕ್ಕೆಯನ್ನು ಅಂಚಿನವರೆಗೆ ತುಂಬಿ, ತೆಳುಮಾಡಿ, ಕೆಳಗಿಳಿಯಿತು.

“ಗಲ್ಲ ತೆಗಿ” ಎಂದಳು. “ಕುರ್ಚಿ ಅಲ್ಲಾಡ್ತಿದೆ.”

ಕುರ್ಚಿ ಆಮೇಲೆ ಗೋಡೆಯ ಕಡೆ ತಿರುಗಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಅತ್ತೆ ಬಿಸಿಲು ಬಂತೇ ಎಂದು ಕೇಳುತ್ತಾಳೆ. ಕಣ್ಣು ಮಂಜಾಗುತ್ತಲೇ ಇದೆ, ಅದನ್ನು ಯಾರೂ ತಡೆಯಲಾರರು. ಈಗ ಅವಳಿಗೆ ಕಿನ್ನರಿಯ ಮುಖ ಕಾಣುವುದಿಲ್ಲವಂತೆ, ಆದರೆ ಎಳೆ ಹಸಿರು ಇರಬೇಕಾದ ಕಡೆ ಇದೆಯಂತೆ. ಅಷ್ಟು ಸಾಕು ಎನ್ನುತ್ತಾಳೆ.

ಆ ಚಿತ್ರ ನೋಡಿ ಬೆಳೆದವರು ಅಂಗಡಿಗೆ ಬಂದರೆ ಚೂರಕ್ಕ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ಯುತ್ತಾಳೆ. ಎಲ್ಲರೂ ಆಹಾ ಎನ್ನುತ್ತಾರೆ. ಆಮೇಲೆ ಒಬ್ಬರಾದರೂ ತಲೆ ಕೆರೆದುಕೊಂಡು, ದನಿ ತಗ್ಗಿಸಿ, ಇದನ್ನು ಉಲ್ಟಾ ನೇತುಹಾಕಿದ್ದೀರಿ ಎಂದು ತಿದ್ದಲು ಬರುತ್ತಾರೆ. ಚೂರಕ್ಕ ಅವರಿಗೆ ಹಿತ್ತಲಿನ ಬಾಗಿಲು ತೋರಿಸುತ್ತಾಳೆ.

“ಆಚೆ ಹೋಗಿ ನಿಂತು ನೋಡಿ. ಅಲ್ಲಿಂದ ನಿಮ್ಮವಳು ಕಾಣ್ತಾಳೆ. ಒಳಗಡೆ ಇರೋಳು ನಮ್ಮ ಅತ್ತೆಯವಳು.”